ಉಪ್ಪು ನೀರಿನ ಊರಲ್ಲಿ ಮರಳು ಫಿಲ್ಟರ್: ಅಪಾರ್ಟ್‌ಮೆಂಟ್ ಈಜುಕೊಳಕ್ಕೆ ಯಾವುದು, ಎಷ್ಟು, ಹೇಗೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಪಂಪ್ ರೂಮಿನಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಜೋಡಿ: ಫೈಬರ್ ಡ್ರಮ್ಮಿನ ಮರಳು ಫಿಲ್ಟರ್, ಅದರ ನೆತ್ತಿಗೋ ಪಕ್ಕಕ್ಕೋ ಆರು ಸ್ಥಾನಗಳ ವಾಲ್ವ್, ಜೊತೆಗೊಂದು ಪಂಪ್. ಈ ವಿಮರ್ಶೆ ಆ ಜೋಡಿಯದು, ಅದರ ಹಿಂದೆ ಬರುವ ರಾಸಾಯನಿಕ ಮತ್ತು ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ) ಸೇವೆಯದೂ ಹೌದು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬೋರ್‌ವೆಲ್ ಅಥವಾ ಟ್ಯಾಂಕರಿನ ಉಪ್ಪು ನೀರು, ಅಂದರೆ ಗಡಸು ನೀರು, ತುಂಬುವ ಕೊಳಕ್ಕೆ ಮರಳು ಫಿಲ್ಟರೇ ಸರಿ. ಆದರೆ ಹಾಕಿಸಿಕೊಂಡವರಲ್ಲಿ ಹಲವರಿಗೆ ಅದರಿಂದ ಅರ್ಧ ಕೆಲಸವೂ ಸಿಗುತ್ತಿಲ್ಲ. ಡ್ರಮ್ಮಿಗೆ ತಕ್ಕ ಪಂಪ್ ಇರುವುದಿಲ್ಲ ಎಂಬುದು ಒಂದು ಕಾರಣ. ಫಿಲ್ಟರ್ ಮಾಡಲಾರದ ಕೆಲಸವನ್ನು ಕ್ಲೋರಿನ್ ಬಿಲ್ಲೆಗಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಇನ್ನೊಂದು.

ಲೆಕ್ಕಕ್ಕೆ ಒಂದು ಸಾಮಾನ್ಯ ಕೊಳ ಇಟ್ಟುಕೊಳ್ಳೋಣ: 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಒಟ್ಟು 60,000 ಲೀಟರ್. ಮುಂದೆ ಬರುವ ಎಲ್ಲ ಅಳತೆಯೂ ಈ ಕೊಳದ್ದೇ. ನಿಮ್ಮದು ಇದರ ದುಪ್ಪಟ್ಟಿದ್ದರೆ ರಾಸಾಯನಿಕವನ್ನೂ ದುಪ್ಪಟ್ಟು ಮಾಡಿಕೊಳ್ಳಿ.

ಈ ಕೊಳಕ್ಕೆ ನಾವು ಹೇಳುವುದು 650 ಮಿ.ಮೀ. ವ್ಯಾಸದ ಡ್ರಮ್, ಗಂಟೆಗೆ ಸುಮಾರು 14,000 ಲೀಟರ್ ತಳ್ಳುವ ಪಂಪ್. ಅಡಚಣೆ ಇಲ್ಲದ ಪೈಪಿನಲ್ಲಿ ಇದು 1.5 ಎಚ್‌ಪಿ ಪಂಪಿನ ಕೆಲಸ. 650 ಮಿ.ಮೀ. ಡ್ರಮ್ಮಿನೊಳಗೆ ಮರಳಿನ ಮೇಲ್ಮೈ 0.33 ಚದರ ಮೀಟರ್. ಅದರ ಮೇಲೆ ಗಂಟೆಗೆ 14 ಘನ ಮೀಟರ್ ಹರಿಸಿದರೆ ನೀರಿನ ವೇಗ ಗಂಟೆಗೆ 42 ಮೀಟರ್ ಆಗುತ್ತದೆ. ನಿಧಾನಕ್ಕೆ ಹರಿದಷ್ಟೂ ಮರಳು ಚೆನ್ನಾಗಿ ಸೋಸುತ್ತದೆ, 30 ಮೀಟರ್ ವೇಗ ಇನ್ನೂ ಒಳ್ಳೆಯದು. ಹಾಗಾದರೆ ಇನ್ನೂ ದೊಡ್ಡ ಡ್ರಮ್ ಏಕೆ ಬೇಡ? ಬ್ಯಾಕ್‌ವಾಶ್, ಅಂದರೆ ನೀರನ್ನು ತಿರುವುಮುರುವಾಗಿ ಹರಿಸಿ ಮರಳು ತೊಳೆಯುವ ಕೆಲಸ, ಇರುವುದರಿಂದ. ಕೊಳೆ ಹಿಡಿದ ಮರಳು ಕೆಳಗಿನಿಂದ ಬರುವ ನೀರಿಗೆ ಮೇಲೆದ್ದು, ಕುದಿಯುವ ಅನ್ನದ ಹಾಗೆ ಹೊರಳಾಡಬೇಕು. ಅದಕ್ಕೆ ಕನಿಷ್ಠ 37ರಿಂದ 40 ಮೀಟರ್ ವೇಗ ಬೇಕು. 900 ಮಿ.ಮೀ. ಡ್ರಮ್ಮಿಗೆ ಇದೇ ಪಂಪ್ ಕಟ್ಟಿದರೆ ವೇಗ 22 ಮೀಟರಿಗೆ ಇಳಿಯುತ್ತದೆ. ಸೋಸುವಾಗ ಅದು ಬಹಳ ಚೆನ್ನ, ತೊಳೆಯುವಾಗ ಮರಳು ಅಲುಗುವುದೇ ಇಲ್ಲ. ಆರು ತಿಂಗಳಲ್ಲಿ ಡ್ರಮ್ಮಿನೊಳಗೆ ಕೆಸರಿನ ಉಂಡೆಗಳು ಕಟ್ಟುತ್ತವೆ, ನೀರು ಉಂಡೆಗಳ ಸಂದಿಯಲ್ಲಿ ದಾರಿ ಮಾಡಿಕೊಂಡು ಸೋಸದೆಯೇ ಕೊಳಕ್ಕೆ ಮರಳುತ್ತದೆ. ದೊಡ್ಡ ಡ್ರಮ್ ಬೇಕೇ ಬೇಕೆಂದರೆ ಎರಡು ಪಂಪ್ ಇಡಿ. ಸೋಸುವಾಗ ಒಂದು ಓಡಲಿ, ಬ್ಯಾಕ್‌ವಾಶಿಗೆ ಎರಡೂ ಓಡಲಿ. ಮಾರುವವರು ಡ್ರಮ್ಮಿನ ಗಾತ್ರದ ಬಗ್ಗೆ ಮಾತಾಡುತ್ತಾರೆ, ಬ್ಯಾಕ್‌ವಾಶ್ ವೇಗದ ಬಗ್ಗೆ ಮಾತಾಡುವವರು ಕಡಿಮೆ. ಕೊಟೇಶನ್ ಕೇಳುವಾಗ ಈ ಒಂದು ಪ್ರಶ್ನೆಯನ್ನು ಬಿಡಬೇಡಿ.

ಪೈಪ್ 63 ಮಿ.ಮೀ. ಇರಲಿ, ಅಂದರೆ ಅಂಗಡಿಯಲ್ಲಿ ಎರಡು ಇಂಚು ಎಂದು ಕೇಳುವುದು. ಆ ಪೈಪಿನಲ್ಲಿ 14,000 ಲೀಟರ್ ಹರಿದರೆ ನೀರಿನ ಓಟ ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್, ಪಂಪಿಗೆ ಆಯಾಸವಿಲ್ಲ. ದುಡ್ಡು ಉಳಿಸಲು 50 ಮಿ.ಮೀ. ಹಾಕಿದರೆ ಓಟ ಎರಡೂವರೆ ಮೀಟರ್ ಹತ್ತಿರ ಹೋಗುತ್ತದೆ. ಪಂಪ್ ಗೊರಗುಡುತ್ತದೆ, ಹೇಳಿದಷ್ಟು ನೀರು ಬರುವುದಿಲ್ಲ. ಕೊಳದ ತಳದ ಡ್ರೇನ್ ಎರಡು ಇರಬೇಕು, ಎರಡಕ್ಕೂ ಸೆಳೆತ ತಡೆಯುವ ಗುಮ್ಮಟದ ಮುಚ್ಚಳ ಇರಬೇಕು. ಒಂದೇ ಡ್ರೇನ್ ಇದ್ದರೆ ಮಗುವಿನ ಕೂದಲೋ ಕೈಯೋ ಸೆಳೆತಕ್ಕೆ ಸಿಕ್ಕಿಕೊಳ್ಳಬಹುದು. ಪಂಪ್ ರೂಮಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್), ನೀರೊಳಗಿನ ದೀಪಕ್ಕೆ 12 ವೋಲ್ಟ್. ಈ ಮೂರರಲ್ಲಿ ರಾಜಿ ಬೇಡ.

ಉಳಿದ ಬಗೆಗಳನ್ನು ಬೇಗ ಮುಗಿಸುತ್ತೇವೆ. ಗೋಡೆಯ ಅಂಚಿಗೆ ತೂಗುಹಾಕುವ ಪೈಪ್‌ರಹಿತ ಫಿಲ್ಟರ್ ವಿಲ್ಲಾಗಳ ಸಣ್ಣ ಕೊಳಕ್ಕೆ ನಡೆಯುತ್ತದೆ. ಸಂಜೆ ಇಪ್ಪತ್ತು ಮಕ್ಕಳು ಇಳಿಯುವ ಕೊಳಕ್ಕೆ ಅದರ ಚೀಲ ಸಾಲುವುದಿಲ್ಲ, ಮೇಲಾಗಿ ಅದು ತಳದ ನೀರನ್ನು ಎಳೆಯುವುದೇ ಇಲ್ಲ. ಕಾರ್ಟ್ರಿಜ್ ಫಿಲ್ಟರ್ 10ರಿಂದ 20 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ತನಕ ಹಿಡಿಯುತ್ತದೆ, ಮರಳು ಹಿಡಿಯುವುದಕ್ಕಿಂತ ಸಣ್ಣ ಕಣ. ಬ್ಯಾಕ್‌ವಾಶ್ ಬೇಡವಾದ್ದರಿಂದ ನೀರೂ ಉಳಿಯುತ್ತದೆ. ಕಾವೇರಿ ನೀರಿನ ಸಣ್ಣ ಕೊಳವಾದರೆ ನಾವೂ ಅದನ್ನೇ ಹೇಳುತ್ತಿದ್ದೆವು. ಆದರೆ ಬೋರ್‌ವೆಲ್ ನೀರಿನ ಸುಣ್ಣದಂಶ ಅದರ ಮಡಿಕೆಗಳಲ್ಲಿ ಕಟ್ಟಿಕೊಂಡರೆ ಬಟ್ಟೆ ತಗಡಿನಂತಾಗುತ್ತದೆ, ಆಸಿಡ್‌ನಲ್ಲಿ ನೆನೆಸಿದರೂ ಪೂರ್ತಿ ಬಿಡುವುದಿಲ್ಲ. ಡಯಾಟಮ್ ಮಣ್ಣಿನ ಫಿಲ್ಟರ್ 2ರಿಂದ 5 ಮೈಕ್ರಾನ್‌ಗೆ ಇಳಿಯುತ್ತದೆ, ನೀರು ಗಾಜಿನಂತಿರುತ್ತದೆ. ಆದರೆ ಪ್ರತಿ ಬ್ಯಾಕ್‌ವಾಶ್ ಆದ ಮೇಲೂ ಹೊಸ ಪುಡಿ ಹಾಕಬೇಕು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅಪಾರ್ಟ್‌ಮೆಂಟಿನ ಪೂಲ್ ಹುಡುಗನ ಕೈಗೆ ಅದನ್ನು ಕೊಡಬಾರದು.

ಮರಳು ಎಂದರೆ ಯಾವ ಮರಳಾದರೂ ಆಗದು. ಬೇಕಿರುವುದು 0.45ರಿಂದ 0.55 ಮಿ.ಮೀ. ಅಳತೆಯ, ಜರಡಿ ಹಿಡಿದು ತೊಳೆದ ಸಿಲಿಕಾ ಮರಳು. ಕಟ್ಟಡದ ಎಂ-ಸ್ಯಾಂಡ್ ಹಾಕಿದರೆ ಅದರ ಕಲ್ಲುಪುಡಿ ವಾರಗಟ್ಟಲೆ ಕೊಳಕ್ಕೆ ಬರುತ್ತದೆ. ಚೂಪಾದ ಕಣಗಳು ಒತ್ತೊತ್ತಾಗಿ ಕೂತು ಒತ್ತಡವೂ ಏರುತ್ತದೆ. ಈ ಅಳತೆಯ ಡ್ರಮ್ಮಿಗೆ ಸಾಮಾನ್ಯವಾಗಿ 150 ಕೆ.ಜಿ. ಆಸುಪಾಸು ಹಿಡಿಯುತ್ತದೆ, ಸರಿಯಾದ ತೂಕ ಡ್ರಮ್ಮಿನ ಚೀಟಿಯಲ್ಲಿರುತ್ತದೆ. ತುಂಬುವ ಕ್ರಮ ಮುಖ್ಯ. ಮೊದಲು ಡ್ರಮ್ಮಿಗೆ ಅರ್ಧ ನೀರು ಬಿಡಿ. ತಳದಲ್ಲಿ ಚಕ್ರದ ಅರಗಳಂತೆ ಹರಡಿರುವ ಪ್ಲಾಸ್ಟಿಕ್ ಲ್ಯಾಟರಲ್‌ಗಳ ಮೇಲೆ ಒಣ ಮರಳು ಧೊಪ್ಪೆಂದು ಬಿದ್ದರೆ ಅವು ಮುರಿಯುತ್ತವೆ. ನಡುವಿನ ಕೊಳವೆಯ ಬಾಯಿಗೆ ಪಾಲಿಥಿನ್ ಕಟ್ಟಿ ಟೇಪ್ ಸುತ್ತಿ, ಒಂದು ಹಿಡಿ ಮರಳೂ ಅದರೊಳಗೆ ಬೀಳಬಾರದು. ಆಮೇಲೆ ಬಕೆಟ್ ಬಕೆಟ್ಟಾಗಿ ಸುತ್ತಲೂ ಸಮವಾಗಿ ಸುರಿಯಿರಿ. ಮೇಲೆ ಮೂರನೇ ಒಂದು ಭಾಗದಷ್ಟು ಜಾಗ ಖಾಲಿ ಬಿಡಬೇಕು, ಬ್ಯಾಕ್‌ವಾಶ್‌ನಲ್ಲಿ ಮರಳು ಮೇಲೇಳುವುದು ಅಲ್ಲಿಗೇ. ಕಂಠಮಟ್ಟ ತುಂಬಿದರೆ ಮೊದಲ ಬ್ಯಾಕ್‌ವಾಶ್‌ನಲ್ಲೇ ಮರಳು ಚರಂಡಿ ಪಾಲು.

ಮರಳಿನ ಬದಲು ಗಾಜಿನ ಹರಳು ಹಾಕಿಸಿ ಎಂಬ ಸಲಹೆ ಈಗ ಹೆಚ್ಚು ಕೇಳಿಬರುತ್ತಿದೆ. ಬೆಲೆ ಮರಳಿನ ಹಲವು ಪಟ್ಟು, ತೂಕ ಸುಮಾರು 15 ಶೇಕಡ ಕಡಿಮೆ ಸಾಕು. ಗಾಜಿನ ಮೇಲೆ ಲೋಳೆಯ ಪದರ ಸುಲಭಕ್ಕೆ ಕಟ್ಟುವುದಿಲ್ಲ, ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುವುದೂ ಕಡಿಮೆ. ಉಪ್ಪು ನೀರಿನ ಕೊಳಕ್ಕೆ ಇದು ನಿಜವಾದ ಲಾಭ. ಚೆನ್ನಾಗಿರುವ ಮರಳನ್ನು ತೆಗೆದುಹಾಕಿ ಗಾಜು ಹಾಕಿಸಬೇಕಿಲ್ಲ. ಮರಳು ಬದಲಿಸುವ ಕಾಲ ಬಂದಾಗ, ದುಡ್ಡು ಇದ್ದರೆ, ಹಾಕಿಸಬಹುದು. ಪಂಪ್ ದುರ್ಬಲವಾಗಿದ್ದರೆ ಗಾಜೂ ಕಾಪಾಡದು.

ಇನ್ನು ವಾಲ್ವ್. ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್, ವೇಸ್ಟ್, ರೀಸರ್ಕ್ಯುಲೇಟ್, ಕ್ಲೋಸ್ಡ್ ಎಂಬ ಆರು ಸ್ಥಾನ. ಇಡೀ ಯಂತ್ರದಲ್ಲಿ ಅತಿ ಹೆಚ್ಚು ಹಾಳಾಗುವ ಭಾಗ ಇದರೊಳಗಿನ ಜೇಡದ ಕಾಲಿನಾಕಾರದ ರಬ್ಬರ್ ಗ್ಯಾಸ್ಕೆಟ್. ಹಾಳಾಗುವುದು ಒಂದೇ ತಪ್ಪಿನಿಂದ: ಪಂಪ್ ಓಡುತ್ತಿರುವಾಗಲೇ ಹಿಡಿಕೆ ತಿರುಗಿಸುವುದು. ಒತ್ತಡದಲ್ಲಿರುವ ನೀರು ರಬ್ಬರನ್ನು ಕಾಲುವೆಯಿಂದ ಎಬ್ಬಿಸಿ ಮಡಿಚಿಬಿಡುತ್ತದೆ. ಆಮೇಲೆ ವಾಲ್ವ್ ಫಿಲ್ಟರ್ ಸ್ಥಾನದಲ್ಲಿದ್ದರೂ ಚರಂಡಿ ಪೈಪಿನಲ್ಲಿ ನೀರು ಸಣ್ಣಗೆ ಸುರಿಯುತ್ತಲೇ ಇರುತ್ತದೆ, ಸೋಸದ ನೀರು ಸೋಸಿದ್ದರ ಜೊತೆ ಬೆರೆಯುತ್ತದೆ. ಪಂಪ್ ನಿಲ್ಲಿಸಿ, ಒತ್ತಡ ತೋರಿಸುವ ಗೇಜಿನ ಮುಳ್ಳು ಸೊನ್ನೆಗೆ ಬರಲಿ, ಹಿಡಿಕೆಯನ್ನು ಕೆಳಗೊತ್ತಿ ತಿರುಗಿಸಿ, ಮತ್ತೆ ಚಾಲೂ ಮಾಡಿ. ಈ ಸಾಲನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಪಂಪ್ ರೂಮಿನ ಗೋಡೆಗೆ ಅಂಟಿಸಿ. ಓ-ರಿಂಗ್‌ಗಳಿಗೆ ಸಿಲಿಕಾನ್ ಗ್ರೀಸ್ ಮಾತ್ರ ಹಚ್ಚಬೇಕು, ವ್ಯಾಸಲೀನ್ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಬ್ಯಾಕ್‌ವಾಶ್ ಯಾವಾಗ ಮಾಡಬೇಕೆಂದು ಹೇಳುವುದು ಗೇಜ್, ಕ್ಯಾಲೆಂಡರ್ ಅಲ್ಲ. ಮರಳು ಶುದ್ಧವಾಗಿರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಮಾರ್ಕರ್‌ನಿಂದ ಗೆರೆ ಹಾಕಿ. ಅದಕ್ಕಿಂತ 8ರಿಂದ 10 ಪಿಎಸ್‌ಐ ಏರಿದಾಗ ತೊಳೆಯಿರಿ. ದಿನಾ ತೊಳೆಯುವುದು ಶುಚಿತ್ವದ ಲಕ್ಷಣವಲ್ಲ. ಸ್ವಲ್ಪ ಕೊಳೆ ಕೂತ ಮರಳು ಇನ್ನೂ ಸಣ್ಣ ಕಣವನ್ನು ಹಿಡಿಯುತ್ತದೆ, ಈಗತಾನೇ ತೊಳೆದ ಮರಳಿಗೆ ಆ ಶಕ್ತಿ ಇರುವುದಿಲ್ಲ. ತೊಳೆಯುವಾಗ ಪಕ್ಕದ ಗಾಜಿನ ಬುರುಡೆಯಲ್ಲಿ ನೀರು ತಿಳಿಯಾಗುವ ತನಕ ಬಿಡಿ, ಸಾಮಾನ್ಯವಾಗಿ ಮೂರು ನಿಮಿಷ. ಬಳಿಕ ರಿನ್ಸ್‌ನಲ್ಲಿ ಒಂದು ನಿಮಿಷ. ರಿನ್ಸ್ ಬಿಟ್ಟರೆ ತಳದಲ್ಲಿ ಉಳಿದ ಕೊಳೆ ನೇರ ಕೊಳಕ್ಕೆ ಹೋಗುತ್ತದೆ. "ಬ್ಯಾಕ್‌ವಾಶ್ ಮಾಡಿದ ಮೇಲೇ ನೀರು ಮಬ್ಬಾಯ್ತು" ಎಂಬ ದೂರಿನ ಮೂಲ ಬಹುತೇಕ ಇದೇ.

ನಾಲ್ಕು ನಿಮಿಷಕ್ಕೆ 900 ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಬೆಂಗಳೂರಲ್ಲಿ ಇದು ಸಣ್ಣ ಮಾತಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತ್ತು. ಆ ಬೇಸಿಗೆಯನ್ನು ನೋಡಿದ ಯಾರೂ ಬ್ಯಾಕ್‌ವಾಶ್ ಪೈಪನ್ನು ಚರಂಡಿಗೆ ಬಿಟ್ಟು ಸುಮ್ಮನಿರಲಾರರು. ಪಂಪ್ ರೂಮಿನ ಪಕ್ಕ 2,000 ಲೀಟರಿನ ಒಂದು ಟ್ಯಾಂಕ್ ಇಡಿಸಿ ಅದಕ್ಕೆ ಬಿಡಿ. ಒಂದೆರಡು ದಿನದಲ್ಲಿ ಕೆಸರು ತಳಕ್ಕಿಳಿಯುತ್ತದೆ, ಬಿಸಿಲಿಗೆ ಕ್ಲೋರಿನ್ ಕಡಿಮೆಯಾಗುತ್ತದೆ. ಮೇಲಿನ ನೀರು ನೆಲ, ಡ್ರೈವ್‌ವೇ ತೊಳೆಯಲು ಚೆನ್ನಾಗಿ ಆಗುತ್ತದೆ. ಹೂಗಿಡಕ್ಕೆ ಬೇಡ, ಲವಣ ಜಾಸ್ತಿ ಇರುತ್ತದೆ. ಒಮ್ಮೆಲೇ ಎಸ್‌ಟಿಪಿಗೆ (ಕೊಳಚೆ ನೀರು ಸಂಸ್ಕರಿಸುವ ಘಟಕಕ್ಕೆ) ಹರಿಸಿದರೆ ಅಲ್ಲಿನ ಬ್ಯಾಕ್ಟೀರಿಯಕ್ಕೆ ಕ್ಲೋರಿನ್ ಪೆಟ್ಟು ಬೀಳುತ್ತದೆ. ಎಸ್‌ಟಿಪಿಯ ಸಂಸ್ಕರಿಸಿದ ನೀರನ್ನು ಕೊಳಕ್ಕೆ ತುಂಬುವ ಯೋಚನೆ ಮಾತ್ರ ಯಾವ ಕಾರಣಕ್ಕೂ ಬೇಡ.

ಪಂಪ್ ಎಷ್ಟು ಹೊತ್ತು ಓಡಬೇಕು? ಕೊಳದಷ್ಟು ನೀರು ಒಮ್ಮೆ ಫಿಲ್ಟರ್ ಹಾದರೆ ಇಡೀ ನೀರು ಸೋಸಿತು ಎಂದಲ್ಲ, ಸೋಸಿದ ನೀರು ಸೋಸದ್ದರ ಜೊತೆ ಬೆರೆಯುತ್ತಲೇ ಇರುತ್ತದೆ. ಒಂದು ಸುತ್ತಿನಲ್ಲಿ 63 ಶೇಕಡ, ಎರಡರಲ್ಲಿ 86, ಮೂರರಲ್ಲಿ 95, ನಾಲ್ಕರಲ್ಲಿ 98 ಶೇಕಡ ನೀರು ಫಿಲ್ಟರ್ ಕಂಡಿರುತ್ತದೆ. ನಮ್ಮ ಕೊಳಕ್ಕೆ ಒಂದು ಸುತ್ತು ನಾಲ್ಕೂಕಾಲು ಗಂಟೆ. ಶಾಲೆ ನಡೆಯುವ ದಿನಗಳಲ್ಲಿ 9 ಗಂಟೆ, ಏಪ್ರಿಲ್-ಮೇ ರಜೆಯಲ್ಲಿ 13 ಗಂಟೆ ಓಡಿಸಿ. ರಾತ್ರಿಯಲ್ಲ, ಹಗಲು: ಬಿಸಿಲೂ ಜನವೂ ಇರುವಾಗಲೇ ಕ್ಲೋರಿನ್ ಎಲ್ಲೆಡೆ ಹರಡಬೇಕು. ಈ ಪಂಪ್ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. ಬೆಸ್ಕಾಂ ಬಿಲ್ ಉಳಿಸಲು ನಾಲ್ಕು ಗಂಟೆಗೆ ಇಳಿಸಿದ ಸಂಘ ಆ ದುಡ್ಡನ್ನು ಪಾಚಿ ಔಷಧಿಗೆ ಸುರಿಯಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಮರಳು ಹಿಡಿಯುವುದು 20ರಿಂದ 40 ಮೈಕ್ರಾನ್‌ಗಿಂತ ದೊಡ್ಡದನ್ನು. ಬ್ಯಾಕ್ಟೀರಿಯ ಒಂದೆರಡು ಮೈಕ್ರಾನ್, ಅದು ಮರಳಿನ ನಡುವೆ ಆರಾಮವಾಗಿ ದಾಟುತ್ತದೆ. ಅದನ್ನು ಕೊಲ್ಲಬೇಕಾದದ್ದು ಕ್ಲೋರಿನ್. ನೀರು ತಿಳಿಯಾಗಿದೆ ಎಂದರೆ ಶುದ್ಧವಾಗಿದೆ ಎಂದಲ್ಲ ಎಂಬ ಮಾತಿನ ಅರ್ಥ ಇದು. ಬೆಂಗಳೂರಿನ ಕೊಳಗಳು ಸೋಲುವುದೂ ಹೆಚ್ಚಾಗಿ ಇಲ್ಲೇ.

ಎಎಂಸಿಯವರು ತರುವ ಬಿಳಿ ಬಿಲ್ಲೆ ಅಥವಾ ಹರಳು ಹೆಚ್ಚಾಗಿ ಟಿಸಿಸಿಎ 90 (ಟ್ರೈಕ್ಲೋರೋಐಸೊಸಯನ್ಯೂರಿಕ್ ಆಸಿಡ್). ತೂಕದ 90 ಶೇಕಡ ಕ್ಲೋರಿನ್ ಶಕ್ತಿ, ಇಡಲು ಸುಲಭ, ಬೇಗ ಕೆಡುವುದಿಲ್ಲ. ಅದು ಆಮ್ಲೀಯ, ನಮ್ಮ ಬೋರ್‌ವೆಲ್ ನೀರಿನ ಅಲ್ಕಲಿನಿಟಿ, ಅಂದರೆ ಆಸಿಡ್ ಬಿದ್ದರೂ ಪಿಎಚ್ ಇಳಿಯದಂತೆ ತಡೆಯುವ ಗುಣ, ಜಾಸ್ತಿ. ಎರಡೂ ಸೇರಿ ಪಿಎಚ್ ತಾನೇ ಸಮ ನಿಂತಂತೆ ಕಾಣುತ್ತದೆ, ಆಸಿಡ್ ಮುಟ್ಟುವ ಗೋಜಿಲ್ಲ. ಗುತ್ತಿಗೆದಾರರಿಗೆ ಇದು ಇಷ್ಟವಾಗುವುದು ಸಹಜ. ಆದರೆ ಟಿಸಿಸಿಎಯಲ್ಲಿ ಕ್ಲೋರಿನ್ ಜೊತೆ ಸಯನ್ಯೂರಿಕ್ ಆಸಿಡ್ ಇರುತ್ತದೆ. 10 ಪಿಪಿಎಂ (ಒಂದು ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ) ಕ್ಲೋರಿನ್ ಕೊಟ್ಟಾಗ 6 ಪಿಪಿಎಂ ಸಯನ್ಯೂರಿಕ್ ನೀರಲ್ಲಿ ಉಳಿಯುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ, ಆವಿಯೂ ಆಗುವುದಿಲ್ಲ. ದಿನಕ್ಕೆ 2 ಪಿಪಿಎಂ ಲೆಕ್ಕದಲ್ಲಿ, ಅಂದರೆ ನಮ್ಮ ಕೊಳಕ್ಕೆ 135 ಗ್ರಾಂ ಟಿಸಿಸಿಎ ಹಾಕಿದರೆ, ತಿಂಗಳಿಗೆ 36 ಪಿಪಿಎಂ ಸೇರುತ್ತದೆ. ಮೂರು ತಿಂಗಳಿಗೆ ನೂರು ದಾಟುತ್ತದೆ.

ಸಯನ್ಯೂರಿಕ್ ಸ್ವಲ್ಪ ಇರಬೇಕು. ಅದಿಲ್ಲದ ಕೊಳದಲ್ಲಿ ಮಧ್ಯಾಹ್ನದ ಬಿಸಿಲು ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ ಹೀರಿಬಿಡುತ್ತದೆ. 30ರಿಂದ 50 ಪಿಪಿಎಂ ಸಾಕು. ಅದಕ್ಕಿಂತ ಹೆಚ್ಚಾದರೆ ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುತ್ತದೆ. ಪರೀಕ್ಷೆಯಲ್ಲಿ 2 ಪಿಪಿಎಂ ತೋರಿಸುತ್ತದೆ, ಕೆಲಸ ಮಾಡುವ ಕ್ಲೋರಿನ್ ನೀರಲ್ಲಿ ಇರುವುದಿಲ್ಲ. ಸಯನ್ಯೂರಿಕ್‌ನ 7.5 ಶೇಕಡದಷ್ಟು ಕ್ಲೋರಿನ್ ಇರಬೇಕೆಂಬುದು ಬಳಕೆಯಲ್ಲಿರುವ ಸೂತ್ರ: 30 ಇದ್ದರೆ 2.25, ನೂರಿದ್ದರೆ 7.5 ಪಿಪಿಎಂ. "ಕ್ಲೋರಿನ್ ಸರಿ ಇದೆ, ಆದರೂ ಪಾಚಿ ಬರುತ್ತಿದೆ" ಎಂಬ ಕೊಳಗಳಲ್ಲಿ ಮೊದಲು ನೋಡಬೇಕಾದ ಅಂಕಿ ಇದೇ. ಇಳಿಸಲು ನೀರು ಬದಲಿಸುವುದೇ ದಾರಿ. ನೂರರಿಂದ 50ಕ್ಕೆ ತರಲು ಅರ್ಧ ಕೊಳ, 30,000 ಲೀಟರ್, ಅಂದರೆ 6,000 ಲೀಟರಿನ ಐದು ಟ್ಯಾಂಕರ್. ವಾರದ ಬ್ಯಾಕ್‌ವಾಶ್‌ನಲ್ಲಿ ಹೋಗುವುದು ಒಂದೂವರೆ ಶೇಕಡ ನೀರು, ಅದರಿಂದ ಇದು ಇಳಿಯದು.

ಹಾಗಾದರೆ ಯಾವುದು? ಕ್ಯಾಲ್ಸಿಯಂ ಹೈಪೋಕ್ಲೋರೈಟ್ 65 ಶೇಕಡದ್ದು ಸಿಗುತ್ತದೆ. 1 ಪಿಪಿಎಂಗೆ 92 ಗ್ರಾಂ ಬೇಕು. ಆದರೆ ಪ್ರತಿ 10 ಪಿಪಿಎಂ ಕ್ಲೋರಿನ್ನಿಗೆ 7 ಪಿಪಿಎಂನಷ್ಟು ಗಡಸುತನ ಸೇರಿಸುತ್ತದೆ, ಈಗಾಗಲೇ ಸುಣ್ಣ ತುಂಬಿದ ನೀರಿಗೆ. ಕಾವೇರಿ ನೀರಿನ ಕೊಳಕ್ಕೆ ಇದು ಉತ್ತಮ, ಬೋರ್‌ವೆಲ್‌ಗೆ ಅಲ್ಲ. ಅಗ್ಗದ ಬ್ಲೀಚಿಂಗ್ ಪೌಡರ್‌ನ ಸುಣ್ಣದ ಗಸಿ ನೇರ ಮರಳಿಗೆ ಹೋಗಿ ಕೂರುತ್ತದೆ, ಫಿಲ್ಟರ್ ಇರುವ ಕೊಳಕ್ಕೆ ಅದನ್ನು ತರಲೇಬಾರದು. ಬೋರ್‌ವೆಲ್ ಕೊಳಕ್ಕೆ ನಮ್ಮ ಆಯ್ಕೆ ದ್ರವ ಸೋಡಿಯಂ ಹೈಪೋಕ್ಲೋರೈಟ್, 10 ಶೇಕಡದ್ದು. ಮೊದಲಿಗೆ ಒಂದೇ ಸಲ 1.8 ಕೆ.ಜಿ. ಸಯನ್ಯೂರಿಕ್ ಹಾಕಿ 30 ಪಿಪಿಎಂಗೆ ತನ್ನಿ. ಹಳೆ ಕಾಲುಚೀಲದಲ್ಲಿ ಕಟ್ಟಿ ಇನ್ಲೆಟ್ (ಸೋಸಿದ ನೀರು ಕೊಳಕ್ಕೆ ಬರುವ ಬಾಯಿ) ಮುಂದೆ ತೂಗುಬಿಟ್ಟರೆ ಒಂದೆರಡು ದಿನದಲ್ಲಿ ಕರಗುತ್ತದೆ. ಆಮೇಲೆ ದಿನಕ್ಕೆ 1.2 ಲೀಟರ್ ಹೈಪೋ ಹಾಕಿದರೆ 2 ಪಿಪಿಎಂ. ಸಂಜೆ ಹಾಕಿ, ಪಂಪ್ ಒಂದು ಗಂಟೆ ಓಡಲಿ. ಇದರ ದೋಷವೂ ಇದೆ: ಬಿಸಿಲು, ಶಾಖಕ್ಕೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ತಿಂಗಳಿಗೆ ಬೇಕಾದ್ದನ್ನು ಒಟ್ಟಿಗೆ ತರಿಸಬೇಡಿ, ಎರಡು ವಾರಕ್ಕೆ ಸಾಕಾಗುವಷ್ಟು ತಂದು ನೆರಳಲ್ಲಿಡಿ. ಟಿಸಿಸಿಎ ಬಿಲ್ಲೆಗಳು ಆಳು ರಜೆ ಹೋದ ನಾಲ್ಕು ದಿನಕ್ಕೆ ಇರಲಿ.

ಒಂದು ಎಚ್ಚರಿಕೆ, ಇದಕ್ಕೆ ವಿನಾಯಿತಿಯೇ ಇಲ್ಲ. ಟಿಸಿಸಿಎ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಒಂದೇ ಡಬ್ಬ, ಒಂದೇ ಸೌಟು, ಒಂದೇ ಫೀಡರ್ ಮುಟ್ಟಬಾರದು. ತೇವದಲ್ಲಿ ಬೆರೆತರೆ ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಆಸಿಡ್ ಮತ್ತು ಯಾವುದೇ ಕ್ಲೋರಿನ್ ಬೆರೆತರೆ ಬರುವುದು ವಿಷದ ಗಾಳಿ. ಆಸಿಡ್ ಕ್ಯಾನ್ ಒಂದು ಮೂಲೆ, ಹೈಪೋ ಕ್ಯಾನ್ ಎದುರು ಮೂಲೆ. ಆಸಿಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗಲ್ಲ.

ಪಿಎಚ್ 7.2ರಿಂದ 7.6ರ ನಡುವೆ ಇರಬೇಕೆನ್ನುವುದಕ್ಕೂ ಕಾರಣ ಕ್ಲೋರಿನ್ನೇ. 7.5ರಲ್ಲಿ ಅರ್ಧದಷ್ಟು ಕ್ಲೋರಿನ್ ಕೊಲ್ಲುವ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲು ಭಾಗವೂ ಉಳಿಯುವುದಿಲ್ಲ. ಬೋರ್‌ವೆಲ್ ನೀರಿನ ಅಲ್ಕಲಿನಿಟಿ 300 ಇದ್ದರೆ ಪಿಎಚ್ ಎಷ್ಟು ಇಳಿಸಿದರೂ ಮತ್ತೆ ಏರುತ್ತದೆ, ಟೈಲ್ಸ್ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಅದೇ ಉಪ್ಪು ಮರಳಿನ ಕಣಗಳನ್ನು ಬೆಸೆಯುತ್ತದೆ. 32 ಶೇಕಡದ ಹೈಡ್ರೋಕ್ಲೋರಿಕ್ ಆಸಿಡ್ 1.2 ಲೀಟರ್ ಹಾಕಿದರೆ ಅಲ್ಕಲಿನಿಟಿ 10 ಪಿಪಿಎಂ ಇಳಿಯುತ್ತದೆ. 300ರಿಂದ 100ಕ್ಕೆ ತರಲು 24 ಲೀಟರ್. ದಿನಕ್ಕೆ ಎರಡು ಲೀಟರ್ ಮೀರದಂತೆ, ಬಕೆಟ್ ನೀರಿನಲ್ಲಿ ಬೆರೆಸಿ, ಪಂಪ್ ಓಡುತ್ತಿರುವಾಗ ಆಳದ ಕಡೆ ಸುರಿಯುತ್ತ, ಪಿಎಚ್ ನೋಡಿಕೊಂಡು ಎರಡು ವಾರದಲ್ಲಿ ಮುಗಿಸಿ. ಕಾವೇರಿ ನೀರಿನ ಕೊಳದಲ್ಲಿ ಕೆಲವೊಮ್ಮೆ ತದ್ವಿರುದ್ಧ, ಅಲ್ಕಲಿನಿಟಿ 80ಕ್ಕಿಂತ ಕೆಳಗಿರುತ್ತದೆ. ಆಗ 1 ಕೆ.ಜಿ. ಅಡುಗೆ ಸೋಡಾ ಅದನ್ನು 10 ಪಿಪಿಎಂ ಏರಿಸುತ್ತದೆ.

ಗಡಸುತನ 200ರಿಂದ 400 ಇದ್ದರೆ ಒಳ್ಳೆಯದು. ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೆ 250 ಲೀಟರ್ ಹೋಯಿತು, ತಿಂಗಳಿಗೆ 7,500. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. 400 ಪಿಪಿಎಂ ಗಡಸಿನ ಬೋರ್‌ವೆಲ್ ನೀರನ್ನೇ ಮತ್ತೆ ತುಂಬಿದರೆ ತಿಂಗಳಿಗೆ 50 ಪಿಪಿಎಂ ಏರುತ್ತ ಹೋಗುತ್ತದೆ. ಸಾಫ್ಟನರ್ ಇರುವ ಅಪಾರ್ಟ್‌ಮೆಂಟ್ ಆದರೆ ಈ ಮೇಲ್ತುಂಬುವ ನೀರನ್ನು ಸಾಫ್ಟನರ್ ಮೂಲಕ ಬಿಡಿ, ಇಡೀ ಕೊಳಕ್ಕೆ ಬೇಡ. ಮಳೆಗಾಲದಲ್ಲಿ ಚಾವಣಿಯ ಸೋಸಿದ ಮಳೆನೀರು ಇದ್ದರೆ ಅದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ.

ಈ ಅಂಕಿಗಳೆಲ್ಲ ಗೊತ್ತಾಗುವುದು ಟೆಸ್ಟ್ ಕಿಟ್‌ನಿಂದ. ಹಳದಿ ಬಣ್ಣ ಬರುವ ಅಗ್ಗದ ಓಟಿಓ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಬೆವರು, ಮೂತ್ರದ ಜೊತೆ ಸೇರಿ ಸತ್ತುಹೋದ ಕ್ಲೋರಿನ್ನೂ ಅದರ ಲೆಕ್ಕಕ್ಕೆ ಬರುತ್ತದೆ. ಬೇಕಿರುವುದು ಗುಲಾಬಿ ಬಣ್ಣದ ಡಿಪಿಡಿ ಕಿಟ್. 1ನೇ ನಂಬರ್ ಮಾತ್ರೆ ಸ್ವತಂತ್ರ ಕ್ಲೋರಿನ್ ತೋರಿಸುತ್ತದೆ, ಅದೇ ನೀರಿಗೆ 3ನೇ ನಂಬರ್ ಹಾಕಿದರೆ ಒಟ್ಟು. ಇವೆರಡರ ವ್ಯತ್ಯಾಸ 0.5 ದಾಟಿದರೆ ಕಣ್ಣುರಿ, ಮೂಗಿಗೆ ಹೊಡೆಯುವ ವಾಸನೆ ಶುರು. "ಕ್ಲೋರಿನ್ ಜಾಸ್ತಿಯಾಗಿದೆ" ಎಂದು ಜನ ದೂರುವ ಆ ವಾಸನೆ ನಿಜದಲ್ಲಿ ಕ್ಲೋರಿನ್ ಸಾಲದ್ದಕ್ಕೆ ಬರುವುದು. ವ್ಯತ್ಯಾಸದ ಹತ್ತು ಪಟ್ಟು ಕ್ಲೋರಿನ್ ಒಮ್ಮೆಲೇ ಕೊಡಬೇಕು, 0.5ಕ್ಕೆ 5 ಪಿಪಿಎಂ, ಅಂದರೆ 3 ಲೀಟರ್ ಹೈಪೋ. ರಾತ್ರಿ ಕೊಟ್ಟು, 3 ಪಿಪಿಎಂಗೆ ಇಳಿದ ಮೇಲೆ ಕೊಳ ತೆರೆಯಿರಿ. ಡಿಪಿಡಿಯಲ್ಲೂ ಒಂದು ಮೋಸ ಇದೆ. ಕ್ಲೋರಿನ್ 10 ಪಿಪಿಎಂ ದಾಟಿದ್ದರೆ ಬಣ್ಣವೇ ಬಿಳಿಚಿಕೊಂಡು ಸೊನ್ನೆಯಂತೆ ಕಾಣುತ್ತದೆ. ಗುಲಾಬಿ ಮಿಂಚಿ ಮಾಯವಾದರೆ ಇನ್ನಷ್ಟು ಕ್ಲೋರಿನ್ ಸುರಿಯಬೇಡಿ, ಮಾದರಿಯನ್ನು ಒಳ್ಳೆಯ ನೀರಿನಲ್ಲಿ ತೆಳುಮಾಡಿ ಮತ್ತೆ ನೋಡಿ. ನೀರನ್ನು ಮೊಣಕೈ ಆಳದಿಂದ, ಇನ್ಲೆಟ್‌ನಿಂದ ದೂರದಲ್ಲಿ ತೆಗೆಯಬೇಕು. ಪೆನ್ನಿನಂಥ ಟಿಡಿಎಸ್ ಮೀಟರ್ ಇವು ಯಾವುದನ್ನೂ ಹೇಳುವುದಿಲ್ಲ.

ರೋಗಾಣುಗಳ ವಿಷಯದಲ್ಲಿ ಒಂದು ಸತ್ಯ ಪ್ರತಿ ಸಂಘಕ್ಕೂ ಗೊತ್ತಿರಬೇಕು. 1 ಪಿಪಿಎಂ ಕ್ಲೋರಿನ್‌ನಲ್ಲಿ ಇ. ಕೋಲೈ ಒಂದು ನಿಮಿಷವೂ ಬದುಕುವುದಿಲ್ಲ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಹತ್ತು ದಿನಕ್ಕೂ ಹೆಚ್ಚು ಬದುಕುತ್ತದೆ. ಅದರ ಗಾತ್ರ 4ರಿಂದ 6 ಮೈಕ್ರಾನ್, ಬರೀ ಮರಳಿಗೂ ಸಿಗದು. ಭೇದಿಯಾದ ಮಗುವನ್ನು ಭೇದಿ ನಿಂತ ಮೇಲೂ ಎರಡು ವಾರ ಕೊಳಕ್ಕಿಳಿಸಬಾರದು ಎಂಬ ನಿಯಮ ಇರುವುದು ಈ ಕಾರಣಕ್ಕೆ.

ಏನು ಕೆಟ್ಟಾಗ ಏನು ನೋಡಬೇಕು? ಕೊಳದ ತಳದಲ್ಲಿ ಇನ್ಲೆಟ್ ಕೆಳಗೆ ಮರಳು ಗುಡ್ಡೆ ಬಿದ್ದಿದ್ದರೆ ಲ್ಯಾಟರಲ್ ಮುರಿದಿದೆ, ಡ್ರಮ್ ಖಾಲಿ ಮಾಡಿ ಬದಲಿಸಲೇಬೇಕು. ಇನ್ಲೆಟ್‌ನಲ್ಲಿ ಗುಳ್ಳೆ ಬರುತ್ತಿದ್ದರೆ ಪಂಪಿಗಿಂತ ಮುಂಚಿನ ಪೈಪಿನಲ್ಲಿ ಗಾಳಿ ಸೇರುತ್ತಿದೆ: ಮೇಲ್ಮೈ ನೀರನ್ನು ಎಳೆಯುವ ಸ್ಕಿಮ್ಮರಿನ ಬಾಯಿಗಿಂತ ನೀರು ಇಳಿದಿರಬಹುದು, ಇಲ್ಲವೇ ಪಂಪಿನ ಕೂದಲು-ಬುಟ್ಟಿಯ ಮುಚ್ಚಳದ ಓ-ರಿಂಗ್ ಹೋಗಿರಬಹುದು. ಗೇಜ್ ಗೆರೆಗಿಂತ ಕೆಳಗಿದ್ದರೆ ಬ್ಯಾಕ್‌ವಾಶ್ ಮಾಡಬೇಡಿ, ಬುಟ್ಟಿ ತೆಗೆದು ನೋಡಿ. ಮಾರ್ಚ್-ಏಪ್ರಿಲ್‌ನಲ್ಲಿ ಹೊಂಗೆ ಹೂವು ಒಂದೇ ರಾತ್ರಿಗೆ ಬುಟ್ಟಿ ತುಂಬುತ್ತದೆ. ಹೊಸ ಬೋರ್‌ವೆಲ್ ನೀರಿಗೆ ಕ್ಲೋರಿನ್ ಹಾಕಿದ ಕೂಡಲೇ ಚಹಾ ಬಣ್ಣ ಬಂದರೆ ಅದು ಕಬ್ಬಿಣ, ಪಾಚಿಯಲ್ಲ. ನೀರು ಮಬ್ಬಾಗಿ ಪಟಿಕ ಹಾಕುವುದಾದರೆ 1.5 ಕೆ.ಜಿ. ಕರಗಿಸಿ ಸುತ್ತಲೂ ಚೆಲ್ಲಿ, ವಾಲ್ವನ್ನು ರೀಸರ್ಕ್ಯುಲೇಟ್‌ಗೆ ಇಟ್ಟು ಸ್ವಲ್ಪ ಹೊತ್ತು ಓಡಿಸಿ, ಪಂಪ್ ನಿಲ್ಲಿಸಿ ರಾತ್ರಿ ಬಿಡಿ. ಬೆಳಿಗ್ಗೆ ತಳದ ಕೆಸರನ್ನು ವಾಲ್ವ್ ವೇಸ್ಟ್‌ಗೆ ಇಟ್ಟೇ ವ್ಯಾಕ್ಯೂಮ್ ಮಾಡಬೇಕು. ಫಿಲ್ಟರ್ ಸ್ಥಾನದಲ್ಲಿ ಎಳೆದರೆ ಪಟಿಕದ ಲೋಳೆ ಮರಳನ್ನು ಅಂಟಿಸಿಬಿಡುತ್ತದೆ. ಹಾಳಾದ ಮರಳುಗಳಲ್ಲಿ ಎಷ್ಟೋ ಹಾಳಾಗಿರುವುದು ಈ ಒಂದು ತಪ್ಪಿನಿಂದ.

ಕೊನೆಗೆ ಎಎಂಸಿ. ನಗರದಲ್ಲಿ ಸಿಗುವ ಸೇವೆಗಳ ಗುಣ ಒಂದೊಂದು ಕಡೆ ಒಂದೊಂದು ಥರ, ಆದರೆ ಕರಾರುಪತ್ರ ನೋಡಿದರೆ ಅರ್ಧ ಗೊತ್ತಾಗುತ್ತದೆ. "ತಿಂಗಳಿಗೆ ಇಷ್ಟು ಭೇಟಿ, ಇಷ್ಟು ಕೆ.ಜಿ. ರಾಸಾಯನಿಕ" ಎಂದಷ್ಟೇ ಇದ್ದರೆ ಸಹಿ ಹಾಕಬೇಡಿ. ಸ್ವತಂತ್ರ ಕ್ಲೋರಿನ್, ಪಿಎಚ್ ದಿನಕ್ಕೆರಡು ಸಲ, ಅಲ್ಕಲಿನಿಟಿ ವಾರಕ್ಕೊಮ್ಮೆ, ಗಡಸುತನ ಮತ್ತು ಸಯನ್ಯೂರಿಕ್ ತಿಂಗಳಿಗೊಮ್ಮೆ ಬರೆದಿಡಬೇಕು, ಸಯನ್ಯೂರಿಕ್ 50 ದಾಟಿದರೆ ನೀರು ಬದಲಿಸುವ ಖರ್ಚು ಅವರದ್ದು ಎಂದು ಬರೆಸಿ. ಈ ಕೊನೆಯ ಸಾಲು ಸೇರಿಸಿದರೆ ಬಿಲ್ಲೆಗಳ ಬಳಕೆ ತಾನಾಗಿ ಹತೋಟಿಗೆ ಬರುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 3328 ಈಜುಕೊಳದ ನೀರಿನ ಗುಣಮಟ್ಟದ್ದೇ. ಹೊರಗಿನ ಲ್ಯಾಬಿಗೆ ಮೂರು ತಿಂಗಳಿಗೊಮ್ಮೆ ಮಾದರಿ ಕಳಿಸುವಾಗ ಅದರ ಪ್ರಕಾರ ವರದಿ ಕೇಳಿ. ಪರೀಕ್ಷೆಗೆ ಬರುವ ಹುಡುಗನಿಗೆ ಕೈಗವಸು, ಕನ್ನಡಕ, ಮಾಸ್ಕ್ ಕೊಟ್ಟಿದ್ದಾರೆಯೇ ಎಂದೂ ನೋಡಿ. ಆಸಿಡ್ ಮುಟ್ಟುವವನು ಬರಿಗೈಯಲ್ಲಿದ್ದರೆ ಆ ಸೇವೆಯ ಬಗ್ಗೆ ಬೇರೆ ಏನೂ ಕೇಳಬೇಕಾಗಿಲ್ಲ.

ಮರಳಿನ ಆಯುಸ್ಸು ಐದರಿಂದ ಏಳು ವರ್ಷ ಎನ್ನುತ್ತಾರೆ, ಉಪ್ಪು ನೀರಿನಲ್ಲಿ ಮೂರು-ನಾಲ್ಕಕ್ಕೇ ಡ್ರಮ್ ತೆರೆದು ನೋಡಿ. ಕೈ ಹಾಕಿದರೆ ಮರಳು ಸಡಿಲವಾಗಿ ಜಾರಬೇಕು. ಹೆಪ್ಪುಗಟ್ಟಿದ್ದರೆ, ಮುಷ್ಟಿಯಷ್ಟು ಉಂಡೆಗಳು ಸಿಕ್ಕರೆ ಬದಲಿಸುವ ಕಾಲ ಬಂದಿದೆ. ಜುಲೈನಲ್ಲಿ ಮಾಡಿಸಿ. ಚಳಿಗೆ, ಮಳೆಗೆ ಕೊಳಕ್ಕಿಳಿಯುವವರು ಕಡಿಮೆ, ಎರಡು ದಿನ ಮುಚ್ಚಿದರೆ ಯಾರಿಗೂ ತೊಂದರೆಯಿಲ್ಲ. ಮಳೆ ನೀರು ತುಂಬಿ ಗಡಸುತನವೂ ಇಳಿದಿರುತ್ತದೆ. ಹೊಸ ಮರಳು ತುಂಬಿದ ಮೇಲೆ ಮೊದಲ ಬ್ಯಾಕ್‌ವಾಶ್ ಐದು ನಿಮಿಷ, ರಿನ್ಸ್ ಎರಡು ನಿಮಿಷ, ಆಮೇಲೆ ಫಿಲ್ಟರ್‌ಗೆ ತಿರುಗಿಸಿ ಗೇಜ್ ಮೇಲೆ ಹೊಸ ಗೆರೆ ಹಾಕಿ, ದಿನಾಂಕ ಬರೆದಿಡಿ.